ಗ್ರೂಪಿಗೆ ಬೀಗ ಹಾಕಿದ ರಾತ್ರಿ

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗ್ರೂಪಿಗೆ ನಾನು ಅಡ್ಮಿನ್ ಆದದ್ದು ಯಾರನ್ನೂ ಸೋಲಿಸಿ ಅಲ್ಲ. ಹಿಂದಿನವರು ಮನೆ ಖಾಲಿ ಮಾಡುವಾಗ "ನೀವು ಹೇಗೂ ಯಾವಾಗ್ಲೂ ಆನ್‌ಲೈನ್ ಇರ್ತೀರಲ್ಲ" ಅಂತ ಒಪ್ಪಿಸಿ ಹೋದರು. ಲಿಫ್ಟ್ ಕೆಟ್ಟಿದೆ, ಕರೆಂಟ್ ಹೋಗಿದೆ, ಯಾರದೋ ಬೈಕ್ ಅಡ್ಡ ನಿಂತಿದೆ. ಇಷ್ಟೇ ನಮ್ಮ ಮಾತುಕತೆ. ಅದೂ 2024ರ ಏಪ್ರಿಲ್‌ವರೆಗೆ ಮಾತ್ರ.

ಆ ಬೇಸಿಗೆ ನೆನಪಿದೆಯಲ್ಲ? ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ, ಜೊತೆಗೆ 26ಕ್ಕೆ ಲೋಕಸಭೆ ಮತದಾನ. ಟ್ಯಾಂಕರ್ ರೇಟಿನಿಂದ ಶುರುವಾದ ಮಾತು, ಇದು ಯಾವ ಸರ್ಕಾರದ ತಪ್ಪು ಅನ್ನೋದಕ್ಕೆ ಬಂತು. ಮೂರನೇ ಮಹಡಿಯ ನಿವೃತ್ತ ಮೇಷ್ಟ್ರು, "ಫ್ರೀ ಬಸ್ಸಿಗೆ ಹಾಕಿದ ದುಡ್ಡನ್ನು ಕೆರೆಗೆ ಹಾಕಿದ್ದರೆ" ಅಂದರು. ಐದನೇ ಮಹಡಿಯ ಹುಡುಗ, "ಪೆನ್ಷನ್ ತಗೊಂಡು ಕೂತಿರೋರಿಗೆ ಬಸ್ಸಿನ ಕಷ್ಟ ಏನ್ ಗೊತ್ತು" ಅಂದ. "ನಿನಗೆ ಪಾರ್ಟಿಯವರು ಮೆಸೇಜಿಗೆ ಎಷ್ಟು ಕೊಡ್ತಾರಪ್ಪ?" ಅಂತ ಮೇಷ್ಟ್ರು. ಅಷ್ಟರಲ್ಲಿ ಇನ್ಯಾರೋ ಒಂದು ಸಮುದಾಯವನ್ನು ಹೀಯಾಳಿಸುವ ವಿಡಿಯೊ ಫಾರ್ವರ್ಡ್ ಮಾಡಿದರು. ಆ ಸಮುದಾಯದ ಒಂದು ಮನೆಯವರು ಏನೂ ಹೇಳದೆ ಗ್ರೂಪ್ ಬಿಟ್ಟರು.

ನಾನು ಒಂದಷ್ಟು ಮೆಸೇಜ್ ಅಳಿಸಿ, 'ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸಬಹುದು' ಅಂತ ಸೆಟ್ಟಿಂಗ್ ಬದಲಿಸಿ ಮಲಗಿದೆ. ಸಮಸ್ಯೆ ಮುಗೀತು ಅನ್ನಿಸಿತ್ತು.

ಬೆಳಿಗ್ಗೆ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ರಾತ್ರಿ ಒಂದೂವರೆಗೆ ಅವರ ಮನೆಯವರಿಗೆ ಉಸಿರಾಟದ ತೊಂದರೆ ಆಗಿದೆ. ಅಷ್ಟು ಹೊತ್ತಲ್ಲಿ ಒಬ್ಬರಿಗೆ ಫೋನ್ ಮಾಡಿ ಎಬ್ಬಿಸೋಕೆ ಸಂಕೋಚ. ಗ್ರೂಪಿನಲ್ಲಿ ಹಾಕಿದರೆ ಎಚ್ಚರ ಇದ್ದವರು ಬರ್ತಾರೆ ಅಂತ ನೋಡಿದರೆ ಟೈಪ್ ಮಾಡೋಕೇ ಜಾಗ ಇಲ್ಲ. ಕೊನೆಗೆ ವಾಚ್‌ಮನ್ ಆಟೊ ಹಿಡಿದು ತಂದನಂತೆ. "ಈಗ ಪರವಾಗಿಲ್ಲಮ್ಮ. ಆದ್ರೆ ನೀನು ಜಗಳಕ್ಕೆ ಹಾಕಿದ ಬೀಗ ನನ್ನ ಬಾಯಿಗೂ ಬಿತ್ತು ನೋಡು" ಅಂದರು. ನನಗೆ ಮಾತೇ ಹೊರಡಲಿಲ್ಲ.

ಆ ದಿನ ಅಳಿಸಿದ ಮೆಸೇಜುಗಳನ್ನು ನೆನಪಿಸಿಕೊಂಡೆ. ಆರರಲ್ಲಿ ಐದು, ನಾನು ವೋಟು ಹಾಕದ ಪಕ್ಷದ ಪರವಾಗಿದ್ದವು. ಬೇಕಂತ ಮಾಡಿರಲಿಲ್ಲ. ನನ್ನ ಕಡೆಯವರ ಒರಟು ಮಾತು ನನಗೆ ಒರಟಾಗಿ ಕಂಡಿರಲೇ ಇಲ್ಲ, ಅಷ್ಟೆ.

ಕೆಳಗಿನ ಮನೆಯ ವಕೀಲೆ ಅಕ್ಕನ ಹತ್ತಿರ ಹೋದೆ. "ಸರ್ಕಾರವನ್ನ, ಪಕ್ಷವನ್ನ ಟೀಕೆ ಮಾಡೋದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. ಕಿರಿಕಿರಿ ಆಯ್ತು ಅಂತ ಕೇಸ್ ಹಾಕೋಕೆ ದಾರಿಯಾಗಿದ್ದ ಐಟಿ ಕಾಯ್ದೆಯ 66ಎ ಕಲಮನ್ನ ಸುಪ್ರೀಂ ಕೋರ್ಟ್ 2015ರಲ್ಲೇ ರದ್ದು ಮಾಡಿದೆ. ಆದ್ರೆ ಧರ್ಮ, ಜಾತಿ, ಭಾಷೆ ಹೆಸರಲ್ಲಿ ದ್ವೇಷ ಹಬ್ಬಿಸೋದು ಅಪರಾಧ" ಅಂದರು. ಆಗ ಅದು ಐಪಿಸಿ 153ಎ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಂ. ಸದಸ್ಯರು ಹಾಕಿದ್ದಕ್ಕೆಲ್ಲ ಅಡ್ಮಿನ್ ಹೊಣೆಯಲ್ಲ ಎಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಹಾಗಂತ ಅಡ್ಮಿನ್ ತಾನೇ ಅದಕ್ಕೆ ಕೈಜೋಡಿಸಿದರೆ ಬಿಡುವುದಿಲ್ಲ. "ಬರೀ ಫಾರ್ವರ್ಡ್ ಮಾಡಿದೆ ಅನ್ನೋದು ಸಣ್ಣ ವಿಷಯ ಅಲ್ಲ" ಅಂತ ಅಕ್ಕ ಬೀದರ್ ಜಿಲ್ಲೆಯ ಮುರ್ಕಿಯನ್ನು ನೆನಪಿಸಿದರು. 2018ರ ಜುಲೈನಲ್ಲಿ ಅಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿದ ಮಕ್ಕಳ ಕಳ್ಳರ ವದಂತಿಗೆ ಹೈದರಾಬಾದಿನ ಒಬ್ಬ ಎಂಜಿನಿಯರ್ ಜೀವ ಹೋಗಿತ್ತು.

ಭಾನುವಾರ ಮೇಷ್ಟ್ರು, ಆ ಹುಡುಗ, ನಾನು, ಅಕ್ಕ ಸೇರಿ ಕಾಫಿ ಕುಡಿಯುತ್ತಾ ಕೆಲವು ನಿಯಮ ಬರೆದೆವು. ಮುಖ್ಯ ಗ್ರೂಪು ನೀರು, ಕರೆಂಟು, ತುರ್ತಿಗೆ. ಅದಕ್ಕೆ ಎಂದೂ ಬೀಗ ಇಲ್ಲ. ರಾಜಕೀಯಕ್ಕೆ 'ಕಟ್ಟೆ' ಅಂತ ಬೇರೆ ಗ್ರೂಪು, ಇಷ್ಟ ಇದ್ದವರು ಸೇರಬಹುದು. ಯೋಜನೆ, ಬಜೆಟ್, ನಾಯಕರ ಕೆಲಸ ಯಾವುದನ್ನು ಬೇಕಾದರೂ ಟೀಕಿಸಿ. ಎದುರಿನವರ ವಯಸ್ಸು, ಜಾತಿ, ಧರ್ಮ, ಸಂಬಳ ಎತ್ತಬೇಡಿ. ಫಾರ್ವರ್ಡ್ ಹಾಕುವವರು ಅದು ಎಲ್ಲಿಂದ ಬಂತು ಅಂತ ಹೇಳಬೇಕು. ಮತದಾನ ಮುಗಿಯುವ ಮುಂಚಿನ 48 ಗಂಟೆ ಬಹಿರಂಗ ಪ್ರಚಾರ ನಿಲ್ಲುತ್ತದಲ್ಲ, ಆಗ ಕಟ್ಟೆಗೂ ರಜೆ. ರಾತ್ರಿ 10ರ ಮೇಲೆ ವಾದ ಇಲ್ಲ.

ನನ್ನ ಒತ್ತಾಯಕ್ಕೆ ಇನ್ನೊಂದು ಸೇರಿತು: ಕಟ್ಟೆಗೆ ಇಬ್ಬರು ಅಡ್ಮಿನ್, ಇಬ್ಬರೂ ಬೇರೆ ಬೇರೆ ಪಕ್ಷಕ್ಕೆ ವೋಟು ಹಾಕುವವರು. ಮೆಸೇಜ್ ಅಳಿಸಬೇಕಾದರೆ ಇಬ್ಬರೂ ಒಪ್ಪಬೇಕು, ಯಾಕೆ ಅಂತ ಬರೆದವರಿಗೆ ತಿಳಿಸಬೇಕು. ನನ್ನ ಜೊತೆಗಿರುವ ಇನ್ನೊಬ್ಬ ಅಡ್ಮಿನ್ ಯಾರು ಅಂತೀರಾ? ಮೇಷ್ಟ್ರೇ.

ಗ್ರೂಪ್ ಬಿಟ್ಟವರ ಮನೆಗೂ ಹೋಗಿ ಕ್ಷಮೆ ಕೇಳಿದೆ. ಟೀ ಕೊಟ್ಟರು, ಚೆನ್ನಾಗಿಯೇ ಮಾತಾಡಿದರು. ಮುಖ್ಯ ಗ್ರೂಪಿಗೆ ವಾಪಸ್ ಬಂದರು, ಕಟ್ಟೆಗೆ ಇನ್ನೂ ಬಂದಿಲ್ಲ. ಆ ವಿಡಿಯೊ ಅಳಿಸೋಕೆ ನನಗೆ ಒಂದು ಕ್ಷಣ ಸಾಕಾಗಿತ್ತು, ಅವರ ಮನಸ್ಸಿಂದ ಅದು ಅಷ್ಟು ಬೇಗ ಹೋಗಲ್ಲ. ಕಾಯ್ತಾ ಇದ್ದೀನಿ.

ಮೊನ್ನೆ ಕಟ್ಟೆಯಲ್ಲಿ ಮತ್ತೆ ಫ್ರೀ ಬಸ್ ವಿಷಯ ಬಂತು. ನಮ್ಮ ಮನೆಗೆಲಸದ ಅಕ್ಕನಿಗೆ ತಿಂಗಳಿಗೆ ಎಷ್ಟು ಉಳಿಯುತ್ತೆ ಅಂತ ಹುಡುಗ ಲೆಕ್ಕ ಹಾಕಿದ. ಸಾರಿಗೆ ನಿಗಮಗಳ ಬಾಕಿ ಯಾರು ತೀರಿಸ್ತಾರೆ ಅಂತ ಮೇಷ್ಟ್ರು ಕೇಳಿದರು. ಯಾರೂ ಸೋಲಲಿಲ್ಲ. 9.58ಕ್ಕೆ ಹುಡುಗ ಬರೆದ: "ಹತ್ತಾಯ್ತು ಮೇಷ್ಟ್ರೇ, ಆಂಟಿ ಮಾತ್ರೆ ತಗೊಂಡ್ರಾ? ಉಳಿದಿದ್ದು ನಾಳೆ."