ನಡೆಯುವ ಮುನ್ನ ಎಲ್ಲೆ

ಪದವಿಯ ಕೊನೆಯ ಪರೀಕ್ಷೆ ಬರೆದು ಮುಗಿಸಿದ ತರುಣನೊಬ್ಬ ಕಳೆದ ವಾರ ಮೂಡಲಗಿಯಿಂದ ನಮ್ಮ ಮನೆಗೆ ಬಂದಿದ್ದ. ನನ್ನ ಹಳೆಯ ವಿದ್ಯಾರ್ಥಿ, ಶ್ರಾವಕ ಮನೆತನದವನು. "ಸರ್, ಶ್ರವಣಬೆಳಗೊಳಕ್ಕ ನಡಕೊಂತ ಹೋಗಬೇಕಂತ ಮಾಡೇನಿ. ಅಪ್ಪಾರು ಬ್ಯಾಡ ಅಂತಾರ. ನೀವ ಒಂದ ಮಾತ ಹೇಳ್ರಿ" ಎಂದ. ಗೋಕಾಕ, ಹುಕ್ಕೇರಿಯ ಸೋದರತ್ತೆಯ ಮನೆ, ಅಲ್ಲಿಂದ ಬೆಳಗಾವಿ, ಧಾರವಾಡದ ಮೇಲೆ ದಕ್ಷಿಣಕ್ಕೆ. ನಾನೂರು ಕಿಲೋಮೀಟರಿಗೂ ಮಿಕ್ಕ ಹಾದಿ. ಕಬ್ಬಿನ ಹೊಲದ ಮೇಲೆ ಸಾಲ ಮಾಡಿ ಓದಿಸಿದ ತಂದೆಗೆ ಮಗ ಬೇಗ ನೌಕರಿ ಹಿಡಿಯಲೆಂಬ ಆಸೆ. ಅದು ತಪ್ಪಲ್ಲ. ಮಗನ ಹಂಬಲವೂ ತಪ್ಪಲ್ಲ. ಬಹುಕಾಲ ಮಕ್ಕಳಿಗೆ ಕೂಡ್ರಲು ಹೇಳಿದ ನನಗೆ ನಡೆಯುವವನಿಗೆ ಏನು ಹೇಳಬೇಕೆಂದು ಕೂಡಲೇ ತೋಚಲಿಲ್ಲ.

ನಮ್ಮ ಸೀಮೆ ಕಾಲ್ನಡಿಗೆಯ ಮಹಾತ್ಮರನ್ನು ಕೊಟ್ಟ ಸೀಮೆ. ಭೋಜದಲ್ಲಿ ಬೆಳೆದ ಆಚಾರ್ಯ ಶಾಂತಿಸಾಗರರು 1927-28ರಲ್ಲಿ ಸಂಘಸಮೇತರಾಗಿ ಸಮ್ಮೇದ ಶಿಖರಜಿಗೆ ನಡೆದರು. ಮುಂದೆ ದಿಲ್ಲಿಯವರೆಗೂ ವಿಹರಿಸಿದರು. ಅಂಥವರಿಗೂ ತಾರುಣ್ಯದಲ್ಲೇ ವೈರಾಗ್ಯ ಮೂಡಿತ್ತು. ಆದರೂ ತಂದೆತಾಯಿಯರು ಇರುವ ತನಕ ಅವರು ಮನೆ ಬಿಡಲಿಲ್ಲ. 1946ರಲ್ಲಿ ಸದಲಗಾದಲ್ಲಿ ಜನಿಸಿದ ಆಚಾರ್ಯ ವಿದ್ಯಾಸಾಗರರಾದರೋ ಕಾಲೇಜು ಮುಗಿಸುವ ವಯಸ್ಸಿಗೇ, 1968ರಲ್ಲಿ, ಅಜ್ಮೀರದಲ್ಲಿ ಮುನಿದೀಕ್ಷೆ ಪಡೆದು, 2024ರಲ್ಲಿ ಡೊಂಗರಗಢದಲ್ಲಿ ದೇಹ ಬಿಡುವವರೆಗೆ ಪಾದವಿಹಾರಿಗಳಾಗಿಯೇ ಉಳಿದರು. ಒಬ್ಬರು ಕಾದರು, ಮತ್ತೊಬ್ಬರು ಕಾಯಲಿಲ್ಲ. ಇಬ್ಬರಲ್ಲಿಯೂ ಸಮಾನವಾದದ್ದು ಸಂಕಲ್ಪದ ದೃಢತೆ.

ಮುನಿಗಳ ಮಾರ್ಗ ಬೇರೆ, ಗೃಹಸ್ಥರದು ಬೇರೆ. ಆದರೆ ಗೃಹಸ್ಥನ ಪಯಣಕ್ಕೂ ಜಿನಧರ್ಮದಲ್ಲಿ ನಿಯಮವುಂಟು. ಇಂತಿಷ್ಟು ದಿಕ್ಕು, ಇಂತಿಷ್ಟು ದೂರವೆಂದು ಜೀವಮಾನಕ್ಕೆ ಎಲ್ಲೆ ಹಾಕಿಕೊಳ್ಳುವುದು ದಿಗ್ವ್ರತ. ಅದರೊಳಗೆ ಕೆಲವು ದಿನಗಳ ಮಟ್ಟಿಗೆ ಇನ್ನೂ ಕಿರಿದಾದ ಎಲ್ಲೆ ಹಾಕಿಕೊಳ್ಳುವುದು ದೇಶವ್ರತ. ಪ್ರಯೋಜನವಿಲ್ಲದೆ ಅಲೆಯುವುದು, ಗಿಡ ಮುರಿಯುವುದು, ನೀರು ಚೆಲ್ಲುವುದು ಇವೆಲ್ಲ ಅನರ್ಥದಂಡ. ಹೀಗಿರುವಾಗ ಎಷ್ಟು ದೂರ ನಡೆದೆ ಎಂಬುದಕ್ಕಿಂತ, ಹೊರಡುವ ಮೊದಲು ಏನೆಂದು ನಿಶ್ಚಯಿಸಿದೆ ಎಂಬುದೇ ಮುಖ್ಯ. ನಿಶ್ಚಯವಿಲ್ಲದ ನಡಿಗೆ ಬರಿಯ ಅಲೆದಾಟ. ನೌಕರಿಯ ಚಿಂತೆಯಿಂದ ತಪ್ಪಿಸಿಕೊಳ್ಳಲು ಹೂಡಿದ ಉಪಾಯವೂ ಆಗಬಹುದು.

ಈ ನಿಶ್ಚಯವನ್ನು ಪರೀಕ್ಷಿಸುವ ಒರೆಗಲ್ಲು ನಮ್ಮಲ್ಲಿಯೇ ಇದೆ. ಪದವಿ ಮುಗಿದು ಫಲಿತಾಂಶ ಬರುವ ಕಾಲಕ್ಕೆ ಘಟಪ್ರಭೆ ಕೆಂಪಾಗಿ ತುಂಬಿ ಹರಿಯತೊಡಗುತ್ತದೆ. ನೆಲದಲ್ಲಿ ಸೂಕ್ಷ್ಮಜೀವಿಗಳು ಹುಟ್ಟುತ್ತವೆ. ಸದಾ ನಡೆಯುವ ಮುನಿಗಳೇ ಆಗ ಚಾತುರ್ಮಾಸಕ್ಕೆ ನಿಲ್ಲುತ್ತಾರೆ. ಶಾಂತಿಸಾಗರರು ಗೋಕಾಕ ತಾಲ್ಲೂಕಿನ ಕೊಣ್ಣೂರಿನಲ್ಲಿಯೂ ಹಾಗೆ ನಿಂತವರೇ. ನಾನು ಆ ತರುಣನಿಗೆ ಹೇಳಿದ್ದಿಷ್ಟು: "ಕಾರ್ತಿಕದವರೆಗೆ ನೀನೂ ನಿಲ್ಲು. ಅರ್ಜಿ ಹಾಕುವುದಿದ್ದರೆ ಹಾಕು, ತಂದೆಯ ಜೊತೆ ಹೊಲದಲ್ಲಿ ದುಡಿ. ನಾಲ್ಕು ತಿಂಗಳಲ್ಲಿ ಆರಿಹೋಗುವ ಆಸೆ ಬರಿಯ ಹುಮ್ಮಸ್ಸು. ಉಳಿದರೆ ಅದು ಸಂಕಲ್ಪ."

ಹೊರಟ ಮೇಲೆ ಈರ್ಯಾಸಮಿತಿಯೇ ಹಾದಿಯ ಬುತ್ತಿಯಾಗಲಿ. ಹಗಲಿನಲ್ಲಿ ಮಾತ್ರ, ಜನ ತುಳಿದ ದಾರಿಯಲ್ಲಿ, ನಾಲ್ಕು ಮೊಳ ಮುಂದಿನ ನೆಲವನ್ನು ನೋಡುತ್ತ ನಡೆಯುವುದು. ಕೈಯಲ್ಲಿ ಮೊಬೈಲು ಹಿಡಿದು ನೋಡುತ್ತ ನಡೆಯುವವನ ಕಣ್ಣಿಗೆ ಇರುವೆ ಬೀಳದು. ಸೋಸಿದ ನೀರು, ಸೂರ್ಯಾಸ್ತಕ್ಕೆ ಮುನ್ನ ಊಟ, ಸಂಜೆಗೊಮ್ಮೆ ಮನೆಗೆ ಕ್ಷೇಮಸಮಾಚಾರ. ಇಷ್ಟನ್ನು ಪಾಲಿಸಿದರೆ ಹೆದ್ದಾರಿಯ ಅಂಚೂ ಸಾಧನೆಯ ಸ್ಥಳವಾದೀತು.

ಇನ್ನೊಂದು ಮಾತು. ಅಷ್ಟು ದೂರ ನಡೆದು ಅವನು ದರ್ಶನ ಮಾಡುವುದು ಯಾರನ್ನು? ವರ್ಷಕಾಲ ಕದಲದೆ, ಬಳ್ಳಿ ಹಬ್ಬಿದರೂ ಅಲುಗದೆ ನಿಂತ ಬಾಹುಬಲಿಯನ್ನು. ನಡಿಗೆಯ ಕೊನೆಗೆ ನಿಲ್ಲುವುದನ್ನು ಕಲಿತು ಬಂದರೆ, ಆ ಮಗನ ಕೈಗೆ ಸಾಲದ ಭಾರವನ್ನೂ ಮನೆಯ ಹೊಣೆಯನ್ನೂ ನಿಶ್ಚಿಂತೆಯಿಂದ ಕೊಡಬಹುದು.

ತರುಣ ಕಾಯಲು ಒಪ್ಪಿದ್ದಾನೆ. ತಂದೆ ಇನ್ನೂ ಒಪ್ಪಿಲ್ಲ. ಅವರಲ್ಲಿ ನನ್ನದೊಂದು ವಿನಂತಿ: ಮಹಾವೀರ ನಿರ್ವಾಣದ ದೀಪಗಳು ಆರಿದ ಮೇಲೂ ಮಗನ ಸಂಕಲ್ಪ ಉಳಿದಿದ್ದರೆ, ತಡೆಯಬೇಡಿ. ಗೋಕಾಕದವರೆಗೆ ಜೊತೆಗೆ ನಡೆದು, ಹರಸಿ ಕಳುಹಿಸಿ ಬನ್ನಿ.