ಪುಷ್ಪಗುಚ್ಛದ ಬದಲು ಅಬ್ಬಲಿಗೆ ಗಿಡ ಕೊಡಬಾರದೇ?

ಹೊರನಾಡಿನ ಕನ್ನಡ ಸಂಘ-ಸಂಸ್ಥೆಗಳ ಸಮಾರಂಭವೆಂದರೆ ವೇದಿಕೆಯಲ್ಲಿ ಪುಷ್ಪಗುಚ್ಛಗಳ ಸಾಲು ಇರಲೇಬೇಕು. ಮರುದಿನ ಅವು ಕಸದ ಬುಟ್ಟಿ ಸೇರುತ್ತವೆ. ಅದೇ ಖರ್ಚಿನಲ್ಲಿ ಗಣ್ಯರಿಗೂ ಸದಸ್ಯರಿಗೂ ಒಂದೊಂದು ಅಬ್ಬಲಿಗೆ ಗಿಡ ಕೊಟ್ಟರೆ ಅದು ವರ್ಷಗಟ್ಟಲೆ ಮನೆಯ ಮುಂದೆ ಹಸಿರಾಗಿರುತ್ತದೆ.

ಘಟ್ಟದ ಮೇಲಿನವರಿಗೆ ಕನಕಾಂಬರ, ಕರಾವಳಿಯವರಿಗೆ ಅಬ್ಬಲಿಗೆ, ಪುಣೆಯ ನೆರೆಹೊರೆಗೆ ಅಬೋಲಿ. ಹೂವು ಒಂದೇ. ಮರಾಠಿಯಲ್ಲಿ ಅದೊಂದು ಬಣ್ಣದ ಹೆಸರೂ ಹೌದು. ಡಾ. ಡಿ. ಎನ್. ಶಂಕರ ಭಟ್ಟರಂಥ ಭಾಷಾವಿಜ್ಞಾನಿ ದುಡಿದ ಡೆಕ್ಕನ್ ಕಾಲೇಜು ಇರುವುದು ಯೆರವಡಾದಲ್ಲೇ. ಅಬ್ಬಲಿಗೆ-ಅಬೋಲಿಗಳ ನಂಟು ಆ ಪರಿಸರದ ಮಕ್ಕಳಿಗೆ ಎರಡು ಭಾಷೆಗಳ ನೆರೆತನವನ್ನು ಭಾಷಣವಿಲ್ಲದೆ ತಿಳಿಸಬಲ್ಲದು.

ಫ್ಲ್ಯಾಟ್‌ನಲ್ಲಿ ಜಾಗವೆಲ್ಲಿ ಎಂಬ ಆಕ್ಷೇಪ ಸಹಜ. ಆದರೆ ಎರಡು-ಮೂರು ಅಡಿ ಬೆಳೆಯುವ ಈ ಗಿಡಕ್ಕೆ 10 ಇಂಚಿನ ಕುಂಡ ಸಾಕು. ಬೆಳಗಿನ ಬಿಸಿಲು ಬೀಳಬೇಕು, ಮಧ್ಯಾಹ್ನದ ಬಿರುಬಿಸಿಲು ತಾಗಬಾರದು. ಪುಣೆಯ ಕಪ್ಪು ಮಣ್ಣು ನೀರು ಹಿಡಿದಿಡುವುದರಿಂದ ಬೇರು ಕೊಳೆತು ಗಿಡ ಸೊರಗುತ್ತದೆ. ಕೆಂಪು ಮಣ್ಣು, ಮರಳು, ಹಟ್ಟಿಗೊಬ್ಬರ ಬೆರೆಸಿ, ಬೇರಿನ ಗಂಟುಹುಳ ತಡೆಯಲು ಬೇವಿನ ಹಿಂಡಿ ಹಾಕಬೇಕು. ಡಿಸೆಂಬರ್-ಜನವರಿಯಲ್ಲಿ ರಾತ್ರಿ ಚಳಿ 10 ಡಿಗ್ರಿ ಆಸುಪಾಸಿಗೆ ಇಳಿದಾಗ ಹೂವು ಕಡಿಮೆಯಾಗುತ್ತದೆ. ಗಿಡ ಸತ್ತಿತೆಂದು ಕೀಳಬಾರದು, ನೀರು ಮಿತಗೊಳಿಸಿದರಾಯಿತು. ಹೂವು ಮುಗಿದ ತೆನೆ ಕತ್ತರಿಸಿದರೆ ಹೊಸ ತೆನೆ ಬರುತ್ತದೆ.

ತಳಿಯ ಆಯ್ಕೆಯಲ್ಲೂ ವಿವೇಚನೆ ಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಅರ್ಕಾ ಅಂಬರ, ಅರ್ಕಾ ಕನಕ ಮುಂತಾದ ತಳಿಗಳನ್ನು ಕೊಟ್ಟಿದೆ. ಹೂವಿಗೆ ಹೆಸರಾದ ಡೆಲ್ಲಿ ತಳಿಯಲ್ಲಿ ಬೀಜವಾಗದು, ಕಡ್ಡಿ ನೆಟ್ಟೇ ಬೆಳೆಸಬೇಕು. ಮಕ್ಕಳಿರುವ ಮನೆಗೆ ಬೀಜವಾಗುವ ನಾಟಿ ಗಿಡವೇ ಉತ್ತಮ. ಅದರ ಒಣಗಿದ ಕಾಯಿಗೆ ನೀರು ಸೋಕಿದರೆ ಪಟಪಟನೆ ಸಿಡಿದು ಬೀಜ ಹಾರುತ್ತದೆ. ಊರಲ್ಲಿ ಈ ಆಟ ಆಡದ ಮಕ್ಕಳಿರಲಿಲ್ಲ. ಇಲ್ಲಿ ಹುಟ್ಟಿದ ಪೀಳಿಗೆಗೆ ಅದು ಗೊತ್ತೇ ಇಲ್ಲ.

ಅಬ್ಬಲಿಗೆಗೆ ಪರಿಮಳವಿಲ್ಲ ನಿಜ. ಆದರೆ ಮಲ್ಲಿಗೆಯೊಡನೆ ಕಟ್ಟಿದರೆ ದಂಡೆಗೆ ಕಳೆ ಬರುತ್ತದೆ, ಕೊಯ್ದ ಮೇಲೂ ಬೇಗ ಬಾಡದು. ಹೂವಿನ ಹೆಸರು ಮರೆತ ಮನೆಯಲ್ಲಿ ಕಟ್ಟುವ ಕೈಚಳಕವೂ, ಅದರ ಸುತ್ತಲಿನ ಮಾತುಗಳೂ ಮರೆಯಾಗುತ್ತವೆ. ಬರುವ ರಾಜ್ಯೋತ್ಸವಕ್ಕೆ, ಅರಶಿನ ಕುಂಕುಮಕ್ಕೆ ಸಂಘಗಳು, ವಿಶೇಷವಾಗಿ ಮಹಿಳಾ ವಿಭಾಗಗಳು, ಈ ಬಗ್ಗೆ ಯೋಚಿಸಲಿ. ಒಂದು ಗಿಡ ಹೆಚ್ಚಿಗೆ ತಂದು ಮರಾಠಿ ನೆರೆಮನೆಗೂ ಕೊಟ್ಟರೆ ಇನ್ನೂ ಒಳ್ಳೆಯದು.