ಲಾರಿ ನಿಂತರೆ ಡ್ರೈವರನ ತಪ್ಪೇ?

ಕಾಫಿ ಮೂಟೆ ಹೇರಿದ ಹಳೆಯ ಲಾರಿ ಶಿರಾಡಿ ಘಾಟಿಯಲ್ಲಿ ಗಕ್ಕನೆ ನಿಂತರೆ ನಮ್ಮ ಸದಸ್ಯರಲ್ಲಿ ಅನೇಕರು ಮೊದಲು ಡ್ರೈವರನನ್ನು ಬೈಯುತ್ತಾರೆ. ಆಮೇಲೆ ಡೀಸೆಲ್ ಪಂಪು ಬಿಚ್ಚಿಸುತ್ತಾರೆ. ಎರಡೂ ಅವಸರದ ಕೆಲಸವೆಂದು ನನ್ನ ಅಭಿಪ್ರಾಯ. ಫಿಲ್ಟರ್ ಕಟ್ಟಿದೆಯೇ, ತಳದಲ್ಲಿ ನೀರು ನಿಂತಿದೆಯೇ, ಸಡಿಲವಾದ ಪೈಪು ಗಾಳಿ ಎಳೆಯುತ್ತಿದೆಯೇ ಎಂದು ಮೊದಲು ನೋಡಬೇಕು.

ಪವರ್ ಸ್ಟೀರಿಂಗ್ ಗುಂಯ್ಯೆನ್ನುವುದು ಸಾಮಾನ್ಯವಾಗಿ ಆಯಿಲ್ ಇಳಿದು ಗಾಳಿ ಸೇರಿದಾಗ. ಬರೀ ಆಯಿಲ್ ತುಂಬಿಸಿದರೆ ಸಾಲದು, ಸೋರುವ ಜಾಗ ಹುಡುಕಬೇಕು. ಈ ಎರಡು ದೋಷಗಳಿಗೆ ನಂಟೂ ಉಂಟು: ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಅದರ ಪಂಪಿನ ಭಾರ ಎಂಜಿನ್ನಿನ ಮೇಲೆ ಬೀಳುತ್ತದೆ, ಮೊದಲೇ ಸೊರಗಿದ ಎಂಜಿನ್ ಬಂದ್ ಆಗುತ್ತದೆ. ಆದೊಡನೆ ಸ್ಟೀರಿಂಗ್ ಕಲ್ಲಿನಂತೆ ಬಿಗಿ!

ಇಂಥ ಲಾರಿಗೆ, ಬಾಡಿಗೆ ಎಷ್ಟೇ ಕಡಿಮೆಯಿರಲಿ, ರಿಪೇರಿಯಾಗುವ ತನಕ ಸಂಘದ ಮಾಲು ಹೇರಬಾರದು. ಆಡಳಿತ ಮಂಡಳಿಯ ಮುಂದಿನ ಸಭೆಯಲ್ಲಿ ಇದನ್ನೇ ಮಂಡಿಸಲಿದ್ದೇನೆ.